ಆಕಾಶಕ್ಕೆ ಹೊಲಿಗೆ ಹಾಕಿದ ಸೋದರಮಾವ

ಆಕಾಶಕ್ಕೆ ಬಿದ್ದ ತೂತನ್ನು ಹೊಲಿದವರಲ್ಲಿ ನಮ್ಮ ಸೋದರಮಾವನೂ ಒಬ್ಬರು! ನಗಬೇಡಿ, ಇದು ನನ್ನ ಉತ್ಪ್ರೇಕ್ಷೆಯಲ್ಲ, ಸ್ವತಃ ಅವರದೇ ವಿನಯಪೂರ್ವಕ ಹೇಳಿಕೆ. ಇಡೀ ತೂತನ್ನು ತಾವೊಬ್ಬರೇ ಮುಚ್ಚಿದ್ದಾಗಿ ಅವರು ಎಂದೂ ಕೊಚ್ಚಿಕೊಂಡವರಲ್ಲ. "ಪ್ರಪಂಚದವರೆಲ್ಲ ಸೇರಿ ಹೊಲೀತಿರೋದು ಕಣಮ್ಮ. ದೆಹಲಿಯ ಕರೋಲ್ ಬಾಗ್ ಕಡೆಯ ನಾಲ್ಕು ಹೊಲಿಗೆ ಮಾತ್ರ ನನ್ನದು" ಎನ್ನುತ್ತಿದ್ದರು.

"ತೂತು ಬಿದ್ದಿರೋದು ದಕ್ಷಿಣ ಧ್ರುವದ ಮೇಲೆ. ಹೊಲಿಗೆ ಕರೋಲ್ ಬಾಗ್‌ನಲ್ಲಿ ಯಾಕೆ ಮಾವ?" ಎಂದು ನಾನು ಕೆಣಕಿದ್ದುಂಟು.

"ಅಂಗಿಯ ದಾರ ಎಳೆಯೋದು ತೋಳಿನ ಹತ್ತಿರ, ಬಿಚ್ಚಿಕೊಳ್ಳೋದು ಬೆನ್ನಲ್ಲಿ. ದಾರ ಎಳೆಯೋ ಕೈಯನ್ನ ತಾನೇ ಮೊದಲು ಹಿಡೀಬೇಕು?"

ಇಂಥ ಉತ್ತರದ ಮುಂದೆ ವಿಶ್ವವಿದ್ಯಾಲಯದ ಯಾವ ಪದವಿ ತಾನೇ ನಿಂತೀತು?

ಮಾವ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸಹಾಯಕ ತಾಂತ್ರಿಕ ಅಧಿಕಾರಿ. ಫ್ರಿಜ್ಜು, ಏರ್ ಕಂಡಿಷನರುಗಳ ಹೊಟ್ಟೆಯಲ್ಲಿ ಸುತ್ತುವ ಹಳೆಯ ಅನಿಲ ಸೋರಿ ಮೇಲೇರಿದರೆ, ಸೂರ್ಯನ ಸುಡುಗಿರಣಗಳನ್ನು ನಮ್ಮ ಪರವಾಗಿ ತಡೆದು ನಿಂತಿರುವ ಓಜೋನ್ ಪದರವನ್ನು ಅದು ಕೊರೆಯುತ್ತದೆಂದು ಗೊತ್ತಾಗಿ, ದೇಶದೇಶಗಳು ಒಪ್ಪಂದ ಮಾಡಿಕೊಂಡವಷ್ಟೆ. ಆ ಒಪ್ಪಂದ ದೊಡ್ಡ ದೊಡ್ಡ ಸಭಾಂಗಣಗಳಿಂದ ಮೆಟ್ಟಿಲಿಳಿಯುತ್ತ ಇಳಿಯುತ್ತ ಕಟ್ಟಕಡೆಗೆ ಬಂದು ಕೂತದ್ದು ನಮ್ಮ ಮಾವನ ಹೆಗಲ ಮೇಲೆ. ರಿಪೇರಿಗೆ ಬಂದ ಯಂತ್ರದ ಅನಿಲವನ್ನು 'ಫುಸ್ಸ್' ಎಂದು ಗಾಳಿಗೆ ಬಿಡದೆ, ಹೀರುವ ಯಂತ್ರವೊಂದರಿಂದ ಸಿಲಿಂಡರಿನೊಳಗೆ ಹಿಡಿದಿಡುವುದು ಹೇಗೆಂದು ಅವರು ಮೆಕ್ಯಾನಿಕ್‌ಗಳಿಗೆ ಕಲಿಸುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಐದಾರು ವರ್ಷ ಮುಂಚೆ ಆ ಕೆಲಸದಿಂದ ಬಿಡಿಸಿ ಅವರನ್ನು ಕಚೇರಿಯ ಮೇಜಿನ ಮುಂದೆ ಕೂರಿಸಲಾಯಿತು. ದೇಹ ಮೇಜಿಗೆ ಬಂತು. ಮನಸ್ಸು ಮಾತ್ರ ಲೋಕದ ಫ್ರಿಜ್ಜುಗಳ ಹಿಂದೆಯೇ ಉಳಿಯಿತು.

ಪರಿಣಾಮವೇನೆಂದರೆ, ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಶೇವಿಂಗ್ ಬ್ರಷ್ಷು, ಒಂದು ಪುಟ್ಟ ಡಬ್ಬಿಯಲ್ಲಿ ಸೋಪಿನ ನೀರು! ಫ್ರಿಜ್ಜಿನ ಕೊಳವೆಯ ಬೆಸುಗೆಗೆ ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ಅನಿಲ ಸೋರುತ್ತಿದೆ ಎಂದರ್ಥ. ಯಾರ ಮನೆಗೆ ಹೋದರೂ ಕಾಫಿಗೆ ಮುಂಚೆ ಮಾವ ಅಡುಗೆಮನೆಗೆ ಹೋಗಿ, ವೈದ್ಯರು ರೋಗಿಯ ಎದೆಗೆ ಕಿವಿಗೊಡುವಂತೆ ಫ್ರಿಜ್ಜಿಗೆ ಕಿವಿಗೊಡುತ್ತಿದ್ದರು. ಅವರ ಹುಬ್ಬು ಗಂಟಿಕ್ಕಿತೋ, ಮನೆಯವರ ಮುಖ ಬಾಡಿತು.

ಗ್ರೇಟರ್ ನೋಯ್ಡಾದ ಗೃಹಪ್ರವೇಶವೊಂದನ್ನು ನಾನು ಮರೆಯಲಾರೆ. ಐ.ಟಿ. ಕಂಪನಿಯ ಯುವಕನೊಬ್ಬ ಹೊಸ ಅಪಾರ್ಟ್‌ಮೆಂಟ್ ಕೊಂಡು ದೆಹಲಿಯ ಕನ್ನಡಿಗರನ್ನೆಲ್ಲ ಕರೆದಿದ್ದ. ಅವನ ತಾಯಿ ಅದೇ ಮೊದಲ ಸಲ ಧಾರವಾಡದಿಂದ ಉತ್ತರಕ್ಕೆ ಬಂದವರು. ಹೋಮದ ಹೊಗೆ ಇನ್ನೂ ಆರಿರಲಿಲ್ಲ, ಮಾವ ಕಾಣಿಸಲಿಲ್ಲ. ಹುಡುಕಿದರೆ, ಎರಡು ಬಾಗಿಲಿನ ಹೊಸ ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಎಳೆದು, ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಭಕ್ತಿಯಿಂದ ನೊರೆ ಹಚ್ಚುತ್ತಿದ್ದಾರೆ! ನಾಚಿಕೆಯಿಂದ ನಾನು ನೆಲಕ್ಕಿಳಿದುಹೋದೆ. ಅಷ್ಟರಲ್ಲಿ ಯುವಕನ ತಾಯಿ ಬಂದೇಬಿಟ್ಟರು.

"ಇಲ್ಲೆ ಫ್ರಿಜ್ಜಿಗೂ ಶಾಸ್ತ್ರ ಮಾಡ್ತಾರೇನ್ರೀ? ಮೊದ್ಲ ಹೇಳಬಾರದೇನ್ರೀ, ಕುಂಕುಮದ ಬಟ್ಲಾ ತರ್ತಿದ್ದೆ!"

ಮಾವ ತಲೆ ಎತ್ತಲಿಲ್ಲ. "ಒಂದು ನಿಮಿಷ ತಾಯೀ. ಗುಳ್ಳೆ ಏಳಲಿಲ್ಲ ಅಂದರೆ ಶುಭ."

ಗುಳ್ಳೆ ಏಳಲಿಲ್ಲ. ಆ ತಾಯಿ ಸಂತೋಷದಿಂದ ಫ್ರಿಜ್ಜಿಗೆ ಅರಿಶಿನ ಕುಂಕುಮ ಹಚ್ಚಿ, ಮಾವನಿಗೆ ಪುರೋಹಿತರಿಗೆ ಕೊಟ್ಟದ್ದಕ್ಕಿಂತ ದೊಡ್ಡ ತೆಂಗಿನಕಾಯಿಯನ್ನು ತಾಂಬೂಲದಲ್ಲಿಟ್ಟು ಕೊಟ್ಟರು. ಮುಂದೆ ಆ ಅಪಾರ್ಟ್‌ಮೆಂಟಿನ ಇನ್ನೆರಡು ಕನ್ನಡ ಕುಟುಂಬಗಳು "ಫ್ರಿಜ್ಜಿನ ಪೂಜೆಗೆ" ಮಾವನನ್ನೇ ವಿಶೇಷವಾಗಿ ಆಹ್ವಾನಿಸಿದವೆಂದರೆ ನೀವು ನಂಬಬೇಕು!

ನಾನು ಆಗ ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಪರಿಸರ ನೀತಿಯ ಬಗ್ಗೆ ಎಂ.ಫಿಲ್. ಮಾಡುತ್ತಿದ್ದೆ. ವಾಸ ಮಾವನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಊಟ ಅತ್ತೆಯ ಕೈಯಲ್ಲಿ, ಕ್ರಾಂತಿ ವಿಶ್ವವಿದ್ಯಾಲಯದ ಚಹಾದಂಗಡಿಯಲ್ಲಿ. ಲೋಕದ ಪ್ರತಿಯೊಂದು ಅನ್ಯಾಯಕ್ಕೂ ಒಬ್ಬ ಹೊಣೆಗಾರನಿರುತ್ತಾನೆ, ಅವನ ಹೆಸರು ಬಯಲಾಗಬೇಕು ಎಂಬುದು ನನ್ನ ಸಿದ್ಧಾಂತ. ಇಂದಿಗೂ ಅದೇ ಸಿದ್ಧಾಂತ. ವ್ಯತ್ಯಾಸವೊಂದೇ: ಆಗ ಹೊಣೆಗಾರರೆಂದರೆ ನಾನು ಎಂದೂ ಭೇಟಿಯಾಗದ ದಪ್ಪ ಕನ್ನಡಕದ ದುಷ್ಟರೆಂದು ತಿಳಿದಿದ್ದೆ.

ಆ ವರ್ಷದ ಜನವರಿಯಲ್ಲಿ ನನಗೊಂದು ಪ್ರಶ್ನೆ ಹುಳುವಿನಂತೆ ಕೊರೆಯತೊಡಗಿತು. ಹಳೆಯ ಅನಿಲವನ್ನು ಬಿಟ್ಟೆವು, ಓಜೋನ್ ಗುಣವಾಗುತ್ತಿದೆ, ಸರಿ. ಆದರೆ ಇನ್ನೊಂದು ಕಡೆ ಭೂಮಿಯನ್ನು ಬಿಸಿಮಾಡುವ ಹಸಿರುಮನೆ ಅನಿಲಗಳು ಏರುತ್ತಲೇ ಇವೆಯಲ್ಲ, ಅವು ಆ ಗಾಯವನ್ನು ಮಾಯಲು ಬಿಡುತ್ತವೆಯೇ? ಮಾವನನ್ನು ಕೇಳಿದೆ. ಭಾನುವಾರದ ಮಧ್ಯಾಹ್ನ, ತಾರಸಿಯಲ್ಲಿ ಮನೆಮನೆಯ ಹತ್ತಿ ತುಂಬಿದ ರಜಾಯಿಗಳು ಬಿಸಿಲು ಕಾಯುತ್ತಿದ್ದವು. ಮಾವ ಚಾಪೆಯ ಮೇಲೆ ಮಲಗಿದರು, ನಮ್ಮ ದಪ್ಪ ರಜಾಯಿಯನ್ನು ತಲೆತನಕ ಎಳೆದುಕೊಂಡರು, ಥರ್ಮಾಮೀಟರೊಂದನ್ನು ಒಳಗೆ ಹಿಡಿದು, ಇನ್ನೊಂದನ್ನು ಹೊಟ್ಟೆಯ ಮೇಲೆ ರಜಾಯಿಯ ಹೊರಗೆ ಇಡುವಂತೆ ನನಗೆ ಸನ್ನೆ ಮಾಡಿದರು.

ಮಾಳಿಗೆಯ ಆಚೆ ಬದಿಯ ನೆರೆಯಾಕೆ, ಮಾವನಿಗೆ ಜ್ವರವೆಂದುಕೊಂಡು, ಗಾಬರಿಯಿಂದ ಅತ್ತೆಯನ್ನು ಕೇಳಿದರು: "ಹಾಯ್ ರಾಮ್! ಭಾಯಿಸಾಬ್‌ಗೆ ಬುಖಾರಾ?"

ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ನಹೀ ಜೀ. ಇವತ್ತು ಇವರು ಭೂಮಿ ಆಗಿದ್ದಾರೆ."

ಭೂಮಿ ರಜಾಯಿಯ ಒಳಗಿಂದ ಪಾಠ ಮಾಡಿತು. "ನೋಡಮ್ಮ, ಕೆಳಗೆ ಸೆಕೆ. ಮೇಲೆ ಆಕಾಶದ ಎತ್ತರದ ಪದರದಲ್ಲಿ ತಣ್ಣಗಾಗ್ತಾ ಇದೆ."

"ರಜಾಯಿ ಅರ್ಧ ಸತ್ಯ ಮಾವ. ಇಂಗಾಲದ ಡೈಆಕ್ಸೈಡ್ ಆ ಎತ್ತರದಲ್ಲಿ ತಾನೇ ಬಿಸಿಯನ್ನ ಬಾಹ್ಯಾಕಾಶಕ್ಕೆ ಎಸೆಯುತ್ತೆ. ಮುಖ್ಯವಾಗಿ ಅದಕ್ಕೇ ಮೇಲಿನ ಪದರ ತಣ್ಣಗಾಗೋದು."

"ಭೇಷ್! ಹಾಗಾದರೆ ತಣ್ಣಗಾದರೆ ಒಳ್ಳೇದೋ, ಕೆಟ್ಟದ್ದೋ?"

"ಒಳ್ಳೇದು ಅಲ್ವಾ? ಓಜೋನ್ ತಿನ್ನೋ ಕ್ರಿಯೆಗಳು ಚಳಿಯಲ್ಲಿ ನಿಧಾನ ಆಗ್ತವೆ. ಗಾಯ ಬೇಗ ಮಾಯುತ್ತೆ."

ರಜಾಯಿಯ ಅಂಚಿನಿಂದ ಒಂದು ಬೆವರಿದ ಮುಖ ಹೊರಬಂತು. "ತುಂಬಾ ಎತ್ತರದಲ್ಲಿ ಹೌದು. ಧ್ರುವದ ಹತ್ತಿರ ಉಲ್ಟಾ. ಅಲ್ಲಿ ಚಳಿ ಜಾಸ್ತಿ ಆದರೆ ಹಿಮದ ಮೋಡ ಕಟ್ಟುತ್ತೆ. ಹಳೇ ಗ್ಯಾಸಿನ ವಿಷ ಆ ಮೋಡದ ಮೇಲೆ ಕೂತು ಎಚ್ಚರ ಆಗುತ್ತೆ, ವಸಂತದ ಬಿಸಿಲು ಬಂದ ಕೂಡಲೇ ತಿನ್ನೋಕೆ ಶುರು. ಒಂದೇ ಚಳಿ, ಒಂದು ಕಡೆ ಔಷಧಿ, ಇನ್ನೊಂದು ಕಡೆ ರೋಗ! ಅದರ ಮೇಲೆ ಗಾಳಿಯ ದಾರಿಯೂ ಬದಲಾಗುತ್ತೆ, ಹೊಲಕ್ಕೆ ಸುರಿದ ಗೊಬ್ಬರದಿಂದ ಏಳೋ ನೈಟ್ರಸ್ ಆಕ್ಸೈಡ್ ಬೇರೆ ಓಜೋನನ್ನ ಕಡಿಯುತ್ತೆ. ಗಾಯ ಮಾಯೋದು ಮಾಯುತ್ತೆ ಕಣಮ್ಮ. ಆದರೆ ಮಾಯ್ದ ಮೇಲೆ ಅದು ಹಳೇ ಆಕಾಶ ಆಗಿರೋದಿಲ್ಲ."

ಎಷ್ಟು ತರಗತಿಗಳಲ್ಲಿ ಕೂತಿದ್ದೆ, ಎಷ್ಟು ಪುಸ್ತಕ ತಿರುವಿಹಾಕಿದ್ದೆ! ಒಂದು ರಜಾಯಿಯಷ್ಟು ಸ್ಪಷ್ಟವಾಗಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಉತ್ಸಾಹದಿಂದ ಮುಂದಿನ ಪ್ರಶ್ನೆ ಎಸೆದೆ: "ಹಳೇದರ ಬದಲು ತಂದ ಹೊಸ ಗ್ಯಾಸೂ ಭೂಮಿಯನ್ನ ಬಿಸಿ ಮಾಡುತ್ತಲ್ಲ ಮಾವ? ತೂಕಕ್ಕೆ ತೂಕ ಇಟ್ಟರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು!"

ಭೂಮಿ ಎದ್ದು ಕೂತಿತು. ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡಿತು. "ಕಾಫಿ ಆಗಿದೆಯೇನೋ ನೋಡು" ಎಂದು ಮೆಟ್ಟಿಲಿಳಿದು ಹೋಯಿತು. ಯಾವ ಪ್ರಶ್ನೆಗೂ ಉತ್ತರ ಬಾಕಿ ಉಳಿಸದ ಮನುಷ್ಯ ಅಂದೇಕೆ ಹಾಗೆ ಎದ್ದು ಹೋದರೆಂದು ನನಗೆ ಹೊಳೆಯಲಿಲ್ಲ. ಪಿಎಚ್.ಡಿ.ಯ ಕನಸು ಕಾಣುತ್ತಿದ್ದ ಬುದ್ಧಿಗೆ ಕೆಲವು ಸಣ್ಣ ಸಂಗತಿಗಳು ಹೊಳೆಯುವುದಿಲ್ಲ!

ಫೆಬ್ರವರಿಯಲ್ಲಿ ಪ್ರಬಂಧದ ಸಲುವಾಗಿ ಕರೋಲ್ ಬಾಗ್‌ನ ರಿಪೇರಿ ಅಂಗಡಿಗಳ ಗಲ್ಲಿಗೆ ಹೋದೆ. ಸೈಕಲ್ ರಿಕ್ಷಾಗಳ ಗಂಟೆ, ಬಿಚ್ಚಿಟ್ಟ ಕಂಪ್ರೆಸರುಗಳ ಸಾಲು. ಅಲ್ಲಿಯ ಹಿರಿಯ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನಾನು ಮಾವನ ಸೋದರಸೊಸೆಯೆಂದು ತಿಳಿದದ್ದೇ ತಡ, ಸ್ಟೂಲು ಒರೆಸಿ ಕೂರಿಸಿದ. "ಬ್ರಷ್ ಸಾಬ್‌ರ ಭಾಂಜೀ! ಅಚ್ಛಾ ಅಚ್ಛಾ! ನಮ್ಮ ಕಿವಿ ಹಿಂಡಿ ಕಲಿಸಿದವರು ಅವರು, ಮೇಡಂ."

ಹೀರುವ ಯಂತ್ರ ಮೂಲೆಯಲ್ಲಿತ್ತು. ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿದ್ದರು. "ಹಳೇ ಗ್ಯಾಸಿನ ಮಾಲು ಬಂದರೆ ಇದನ್ನ ತೆಗೀತೀವಿ, ಕಸಮ್ ಸೇ, ಆಣೆ. ಅದು ಜಹರ್, ವಿಷ. ಒಂದು ತೊಟ್ಟೂ ಬಿಡೋದಿಲ್ಲ" ಎಂದ. ನನಗೆ ಮಾವನ ಬಗ್ಗೆ ಹೆಮ್ಮೆಯಾಯಿತು. ಹಾಗೆ ಹೇಳುತ್ತಲೇ ಉಸ್ತಾದ್ ಮುಂದಿದ್ದ ಫ್ರಿಜ್ಜೊಂದರ ಕೊಳವೆ ಕತ್ತರಿಸಿದ. ಫುಸ್ಸ್! ಅನಿಲವೆಲ್ಲ ದೆಹಲಿಯ ಆಕಾಶಕ್ಕೆ ಧಾರೆ!

"ಇದೇನು ಉಸ್ತಾದ್!"

"ಇದಾ? ಇದು ಹೊಸ ಗ್ಯಾಸ್, ಮೇಡಂ. ಸೀದಾ ಸಾದಾ. ಇದನ್ನ ಹಿಡೀತಾ ಕೂತರೆ ನಲವತ್ತು ನಿಮಿಷ ಬೇಕು, ಗಿರಾಕಿ ನಾಲ್ಕೇ ನಿಮಿಷಕ್ಕೆ ಬೈತಾನೆ. ಇದರಿಂದ ಏನೂ ಆಗಲ್ಲ ಅಂತ ಸರ್ಕಾರವೇ ಬರೆದಿದೆ. ಓದಿ!"

ಗೋಡೆಯ ಮೇಲೆ ಹಿಂದಿಯ ಕರಪತ್ರವೊಂದನ್ನು ಅಂಟಿಸಿದ್ದರು. ಮಾವನ ಕಚೇರಿಯಿಂದ ಬಂದದ್ದು. ಬರೆದವರ ಹೆಸರಿಲ್ಲ, ಸಹಿಯಿಲ್ಲ. ಅದರಲ್ಲೊಂದು ಸಾಲು: "ಈ ಹೊಸ ಅನಿಲದಿಂದ ಓಜೋನ್ ಪದರಕ್ಕೆ ಹಾನಿಯಿಲ್ಲ. ನಿಶ್ಚಿಂತೆಯಿಂದ ಬಳಸಿರಿ." ಗಲ್ಲಿಯ ಪ್ರತಿ ಅಂಗಡಿಯಲ್ಲೂ ಅದೇ ಕಾಗದ, ಅದೇ ನಿಶ್ಚಿಂತೆ, ಅದೇ ಫುಸ್ಸ್.

ಗಮನಿಸಿ, ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಲ್ಲ! ಹೊಸ ಅನಿಲ ಓಜೋನನ್ನು ತಿನ್ನುವುದಿಲ್ಲ. ಅದು ಭೂಮಿಯನ್ನು ಸುಡುತ್ತದೆ ಎಂಬುದನ್ನಷ್ಟೇ ಬರೆದವರು ಬಿಟ್ಟಿದ್ದರು. ಬೇಸಿಗೆ ಸುಟ್ಟಷ್ಟೂ ಜನ ಎ.ಸಿ. ಕೊಳ್ಳುತ್ತಾರೆ, ಎ.ಸಿ. ಹೆಚ್ಚಿದಷ್ಟೂ ಫುಸ್ಸ್ ಹೆಚ್ಚುತ್ತದೆ. ನನ್ನ ರಕ್ತ ಕುದಿಯಿತು. (ಅದು ಕುದಿಯಲು ಹೆಚ್ಚು ಉರುವಲು ಬೇಕಾಗುವುದಿಲ್ಲವೆಂದು ಅತ್ತೆಯ ಅಭಿಪ್ರಾಯ.) ಯಾರೀ ಅರ್ಧಸತ್ಯದ ಕರ್ತೃ?

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಮಾವ ಸಾರನ್ನೇ ದಿಟ್ಟಿಸುತ್ತ ಹೇಳಿದರು: "ಕಚೇರಿ ವಿಷಯ ತಟ್ಟೆ ಮುಂದೆ ಬೇಡ."

"ಮತ್ತೆ ಎಲ್ಲಿ ಕೇಳಲಿ?"

"ಎಲ್ಲಿ ಕೇಳಬೇಕೋ ಅಲ್ಲಿ. ಕಾಯ್ದೆ ಬಂದಿದೆಯಲ್ಲ."

ಮಾಹಿತಿ ಹಕ್ಕಿನ ಕಾಯ್ದೆ ಆಗಿನ್ನೂ ಹೊಸದು. ಮರುದಿನವೇ ಅರ್ಜಿ ಬರೆದುಕೊಂಡು ಅವರ ಕಚೇರಿಗೆ ಹೋದೆ. ಮಾಹಿತಿ ಅಧಿಕಾರಿಯ ಕಿಟಕಿಯ ಹಿಂದೆ ಕೂತಿದ್ದವರು ಯಾರೆಂದುಕೊಂಡಿರಿ? ನಮ್ಮ ಮಾವ! ಬೇರಾರೂ ಒಪ್ಪದ ಆ ಹೆಚ್ಚುವರಿ ಹೊಣೆಯನ್ನು ಇವರ ತಲೆಗೆ ಕಟ್ಟಿದ್ದರು.

"ಅರ್ಜಿದಾರರ ಹೆಸರು?" ಎಂದರು ಮಾವ, ನನ್ನ ನಾಮಕರಣದಲ್ಲಿ ತಾವೇ ಕಿವಿಯಲ್ಲಿ ಉಸುರಿದ ಹೆಸರನ್ನು!

"ಮಾವ..."

"ಸರಿಯಾಗಿ ಹೇಳಿ. ತಮ್ಮ ಹೆಸರು?"

ಹೇಳಿದೆ. ವಿಳಾಸ ಕೇಳಿದರು, ಅವರದೇ ವಿಳಾಸ ಹೇಳಿದೆ, ಬರೆದುಕೊಂಡರು. ಆಮೇಲೆ ಅರ್ಜಿ ಓದಿ, ಕನ್ನಡಕ ಸರಿಸಿ, ಮರಳಿ ನನ್ನ ಕಡೆ ತಳ್ಳಿದರು. "'ಇದಕ್ಕೆ ಹೊಣೆ ಯಾರು' ಅಂತ ಕೇಳಿದ್ದೀರಿ. ಅದು ಅಭಿಪ್ರಾಯ. ಅಭಿಪ್ರಾಯ ಕೊಡಬೇಕಾಗಿಲ್ಲ ಅಂತ ನಾವು ಒಂದೇ ಸಾಲಲ್ಲಿ ತಳ್ಳಿಹಾಕಬಹುದು. 'ಈ ವಾಕ್ಯ ಬರೆದವರ ಹೆಸರು ಮತ್ತು ಹುದ್ದೆ' ಅಂತ ಕೇಳಿ. ಆಗ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ."

ತಿದ್ದಿದೆ. ಹೊಸ ಅನಿಲ ಭೂಮಿಯನ್ನು ಬಿಸಿಮಾಡುವುದು ಕಚೇರಿಗೆ ಯಾವಾಗಿನಿಂದ ಗೊತ್ತಿತ್ತು ಎಂಬುದು ಎರಡನೆಯ ಪ್ರಶ್ನೆ. ಭೂಮಿ ಬಿಸಿಯೇರುವುದರಿಂದ ಓಜೋನ್ ಗುಣವಾಗುವುದರ ಮೇಲೆ ಏನು ಪರಿಣಾಮವೆಂದು ಕಡತದಲ್ಲಿ ದಾಖಲಾಗಿದೆ ಎಂಬುದು ಮೂರನೆಯದು. ಮಾವ ಮೊಹರು ಒತ್ತಿ ರಸೀತಿ ಕೊಟ್ಟರು. "ಮೂವತ್ತು ದಿನದೊಳಗೆ ಉತ್ತರ ಬರುತ್ತೆ. ಮುಂದಿನವರು ಬನ್ನಿ." ನನ್ನ ಹಿಂದೆ ಯಾರೂ ಇರಲಿಲ್ಲ!

ಹತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಬೀರುವಿನ ಮೇಲಿಂದ ದಿನಪತ್ರಿಕೆ ಸುತ್ತಿದ ಹಲಗೆಯೊಂದನ್ನು ಇಳಿಸಿ ಬಿಚ್ಚಿದರು. ಹಿತ್ತಾಳೆಯ ಅಕ್ಷರಗಳ ನಾಮಫಲಕ: ಮಾವನ ಹೆಸರು, ಅದರ ಕೆಳಗೆ 'ತಾಂತ್ರಿಕ ಅಧಿಕಾರಿ'.

"ಇಪ್ಪತ್ತೆರಡು ವರ್ಷದಿಂದ ಆ 'ಸಹಾಯಕ' ಅನ್ನೋ ಪದ ಅವರಿಗೆ ಅಂಟಿಕೊಂಡಿದೆ ಕಣೇ. ಐದು ತಿಂಗಳಿಗೆ ನಿವೃತ್ತಿ. ಈ ಸಲದ ಬಡ್ತಿ ಪಟ್ಟಿಯಲ್ಲಿ ಹೆಸರಿದೆ ಅಂತ ಯಾರೋ ಹೇಳಿದರು. ನನಗೂ ಹೇಳದೆ ಮಾಡಿಸಿಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಇಳಿಸಿ ಒರೆಸಿ ಇಡ್ತಾರೆ."

"ಒಳ್ಳೇದೇ ಆಯ್ತಲ್ಲ ಅತ್ತೆ."

"ಏನು ಒಳ್ಳೇದು, ನಿನ್ನ ತಲೆ! ನೀನು ಕೇಳಿದ್ದೀಯಲ್ಲ, ಆ ಕಾಗದದ ಸಾಲು ಬರೆದವರು ಯಾರು ಅಂತ. ಇವರೇ!"

ನನ್ನ ಕಾಲ ಕೆಳಗಿನ ನೆಲ ಕುಸಿಯಿತು ಎಂದರೆ ಹಳಸಲು ಮಾತಾದೀತು. ಆದರೆ ಬೀರುವನ್ನು ಹಿಡಿದುಕೊಂಡದ್ದಂತೂ ನಿಜ. ಕಿಟಕಿಯ ಹಿಂದೆ ಕೂತು ಪ್ರಶ್ನೆಯ ಕುಣಿಕೆಯನ್ನು ಬಿಗಿಮಾಡಿಕೊಟ್ಟವರು, ಅದರಲ್ಲಿ ತಮ್ಮದೇ ಕೊರಳಿದೆ ಎಂದು ತಿಳಿದೇ ಬಿಗಿಮಾಡಿದ್ದರು!

"ವಾಪಸ್ ತೊಗೊಂಡುಬಿಡೇ" ಎಂದರು ಅತ್ತೆ. "ಹಳೇ ಕಡತ, ಸಿಗಲಿಲ್ಲ ಅಂದರೂ ನಡೆಯುತ್ತಂತೆ. ಇವರು ಹಾಗೆ ಬರೆಯೋ ಪೈಕಿ ಅಲ್ಲ."

ಹೊಣೆಗಾರಿಕೆಯ ಕುರಿತು ನನ್ನ ಭಾಷಣಗಳನ್ನು ಕೇಳಿದವರು ಈಗ ನನ್ನನ್ನು ಹಂಗಿಸಬಹುದು. ಮರುದಿನವೇ ಅರ್ಜಿ ಹಿಂಪಡೆಯುವ ಪತ್ರ ಹಿಡಿದು ಕಿಟಕಿಯ ಮುಂದೆ ನಿಂತೆ. ಮಾವ ಪತ್ರದ ಮೊದಲ ಸಾಲು ಓದಿದರು. ಗಡಿಯಾರ ನೋಡಿದರು. ಬೆಳಗಿನ ಹನ್ನೊಂದೂವರೆ.

"ಊಟದ ಸಮಯ. ಕೌಂಟರ್ ಮುಚ್ಚಿದೆ."

"ಇನ್ನೂ ಹನ್ನೊಂದೂವರೆ ಮಾವ!"

ಮಾವ ಕಿಟಕಿಯ ಪರದೆ ಎಳೆದರು. ಟಿಫಿನ್ ಡಬ್ಬಿಯ ಮುಚ್ಚಳ ತೆಗೆದ ಶಬ್ದ ಕೇಳಿಸಿತು. ಹನ್ನೆರಡಕ್ಕೆ ಹೋದೆ, ಊಟ. ಮೂರಕ್ಕೆ ಹೋದೆ, ಊಟ! ಮೂರು ದಿನ ನಾನು ಎಷ್ಟು ಹೊತ್ತಿಗೆ ಹೋದರೂ ಭಾರತ ಸರ್ಕಾರ ಉಣ್ಣುತ್ತಲೇ ಇತ್ತು. ನಾಲ್ಕನೆಯ ದಿನ ಪರದೆಯ ಹಿಂದಿನಿಂದ ಮೆಲುದನಿಯಲ್ಲಿ ಕೇಳಿಬಂತು: "ಮನೆಗೆ ಹೋಗಮ್ಮ. ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ನಾನು ಮೂರು ವರ್ಷದಿಂದ ಕಾಯ್ತಾ ಇದ್ದೆ."

ಮನೆಯಲ್ಲಿ ಅತ್ತೆ ಅಸಹಕಾರ ಚಳವಳಿ ಆರಂಭಿಸಿದರು: ಸಾರಿಗೆ ಒಗ್ಗರಣೆಯಿಲ್ಲ, ಮಜ್ಜಿಗೆಗೆ ಉಪ್ಪಿಲ್ಲ. ಮಾವ ಅದನ್ನೇ ಉಣ್ಣುತ್ತಿದ್ದರು. ಪಾಪಪ್ರಜ್ಞೆಯಿಂದ ನಾನೂ ಉಣ್ಣುತ್ತಿದ್ದೆ.

ಇಪ್ಪತ್ತೊಂಬತ್ತನೆಯ ದಿನ, ಶನಿವಾರ, ಅಂಚೆಯವನು ಬಾಗಿಲು ತಟ್ಟಿದ. ನನ್ನ ಹೆಸರಿಗೆ ರಿಜಿಸ್ಟರ್ಡ್ ಪತ್ರ. ಕಳುಹಿಸಿದವರು ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. "ಸಹಿ ಸ್ಪಷ್ಟವಾಗಿ ಹಾಕು. ಸ್ವೀಕೃತಿ ಕಾರ್ಡು ನಮ್ಮ ಕಚೇರಿಗೆ ಬರುತ್ತೆ" ಎಂದು, ಪತ್ರಿಕೆ ಇಳಿಸದೆ ಹೇಳಿದರು.

ಇಂಗ್ಲಿಷಿನಲ್ಲಿದ್ದ ಆ ಉತ್ತರವನ್ನು ಕನ್ನಡಕ್ಕೆ ತಂದು ಇಲ್ಲಿಡುತ್ತೇನೆ.

"ಪ್ರಶ್ನೆ ಒಂದು: ಸದರಿ ವಾಕ್ಯವನ್ನು ಬರೆದವರು ಈ ಪತ್ರಕ್ಕೆ ಸಹಿ ಮಾಡಿರುವವರು. ಹುದ್ದೆ: ಸಹಾಯಕ ತಾಂತ್ರಿಕ ಅಧಿಕಾರಿ.

ಪ್ರಶ್ನೆ ಎರಡು: ಮೂರು ವರ್ಷಗಳಿಂದ ತಿಳಿದಿದೆ. ಆಗ ಸಹಿದಾರರು ವಾಕ್ಯವನ್ನು ತಿದ್ದಬೇಕೆಂದು ಟಿಪ್ಪಣಿ ಮಂಡಿಸಿದರು. ಅದು ಮೇಲಧಿಕಾರಿಗಳಿಂದ 'ಚರ್ಚಿಸಿ' ಎಂಬ ಷರಾದೊಂದಿಗೆ ಹಿಂದಿರುಗಿತು. ಸಹಿದಾರರು ಚರ್ಚಿಸಲಿಲ್ಲ.

ಪ್ರಶ್ನೆ ಮೂರು: ಹಸಿರುಮನೆ ಅನಿಲಗಳು ಮೇಲಿನ ವಾಯುಪದರವನ್ನು ತಂಪಾಗಿಸಿ ಓಜೋನ್ ಗುಣವಾಗುವುದನ್ನು ಕೆಲವೆಡೆ ತ್ವರಿತಗೊಳಿಸುತ್ತವೆ, ಧ್ರುವಗಳ ಬಳಿ ತಡಮಾಡಬಲ್ಲವು. ಆದುದರಿಂದ ಒಂದು ಗಾಯವನ್ನು ಮಾಯಿಸುವವರು ಇನ್ನೊಂದನ್ನು ಲೆಕ್ಕಿಸದಿರುವುದು ಸರಿಯಲ್ಲ. ಕರಪತ್ರದಲ್ಲಿ 'ನಿಶ್ಚಿಂತೆಯಿಂದ' ಎಂಬ ಪದ ಇರಕೂಡದಿತ್ತು.

ಈ ಉತ್ತರದಿಂದ ತಮಗೆ ತೃಪ್ತಿಯಾಗದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು."

ಸಹಿದಾರರು ಚರ್ಚಿಸಲಿಲ್ಲ! ಸರ್ಕಾರಿ ಗದ್ಯದಲ್ಲಿ ಇಷ್ಟು ಬೆತ್ತಲೆಯಾದ ಎರಡು ಪದಗಳನ್ನು ನಾನು ಹಿಂದೆಂದೂ ಓದಿರಲಿಲ್ಲ. ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ. ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಿಸಿತು. ಅತ್ತೆ ಎರಡು ವಾರಗಳ ನಂತರ ಒಗ್ಗರಣೆ ಹಾಕುತ್ತಿದ್ದರು.

ಏಪ್ರಿಲ್ ಮಧ್ಯದ ಶುಕ್ರವಾರ ಬಡ್ತಿಯ ಪಟ್ಟಿ ಬಂತು. ಮಾವನ ಹೆಸರಿರಲಿಲ್ಲ.

"ಕಾರಣ ಕೇಳಿ ಅರ್ಜಿ ಹಾಕ್ತೀನಿ!" ಎಂದು ನಾನು ಎದ್ದೆ. ಆ ಉತ್ತರವೇ ಕಾರಣವೋ, ಬೇರೇನೋ, ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ!

"ಹಾಕು" ಎಂದರು ಮಾವ. "ಅದಕ್ಕೂ ಉತ್ತರ ಕೊಡಬೇಕಾದವನು ನಾನೇ. ಇನ್ನೊಂದು ತಿಂಗಳು ನಿಮ್ಮತ್ತೆ ಒಗ್ಗರಣೆ ಹಾಕೋದಿಲ್ಲ, ಅಷ್ಟೆ."

ನಕ್ಕೆವು. ಅತ್ತೆಯೂ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ನಾನು ಬೀದಿಯಲ್ಲಿ, ಸಭೆಯಲ್ಲಿ, ಲೇಖನದಲ್ಲಿ ಹೊಣೆಗಾರಿಕೆಯನ್ನು ಕೂಗಿ ಕೂಗಿ ಕೇಳಿದವಳು. ಈಗಲೂ ಕೇಳುತ್ತೇನೆ, ಇನ್ನೂ ಗಟ್ಟಿಯಾಗಿ ಕೇಳುತ್ತೇನೆ. ಆದರೆ ಅದು ಹೇಗಿರುತ್ತದೆಂದು ನನಗೆ ಕಣ್ಣಾರೆ ತೋರಿಸಿದವರು ಇವರೊಬ್ಬರೇ. ಈ ಋಣಕ್ಕೆ ಯಾವ ಕಿಟಕಿಯಲ್ಲಿ ರಸೀತಿ ಸಿಗುತ್ತದೆ?

ಮರುದಿನ ಮಾವ ಎಂದಿನಂತೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದರು. ಭಾನುವಾರ ಬೆಳಿಗ್ಗೆ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತರು. "ಬಾರಮ್ಮ, ಕರೋಲ್ ಬಾಗ್‌ಗೆ ಹೋಗಿಬರೋಣ. ಹೊಸ ಕರಪತ್ರ ಬರೋದಕ್ಕೆ ಯಾವ ಕಾಲವಾಗುತ್ತೋ. ಹಳೇದು ಗೋಡೆ ಮೇಲೆ ಇದ್ದೇ ಇದೆಯಲ್ಲ."

ಬೇಸಿಗೆ ಶುರುವಾಗಿತ್ತು, ಗಲ್ಲಿಯ ತುಂಬ ಎ.ಸಿ.ಗಳು, ಸಿಡುಕುವ ಗಿರಾಕಿಗಳು. ಮಾವ ಉಸ್ತಾದನ ಅಂಗಡಿಗೆ ಹೋಗಿ, ಗೋಡೆಯ ಕಾಗದದ ಆ ಸಾಲನ್ನು ಪೆನ್ನಿನಿಂದ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಕೆಳಗೆ ಹಿಂದಿಯಲ್ಲಿ ಬರೆದರು: "ಇದನ್ನೂ ಹಿಡಿಯಿರಿ. ಬಿಡಬೇಡಿ." ಅದರ ಕೆಳಗೆ ಪೂರ್ಣ ಸಹಿ.

"ಅರೇ ಸಾಬ್!" ಎಂದು ಉಸ್ತಾದ್ ಸ್ಪ್ಯಾನರ್ ಕೆಳಗಿಟ್ಟ. "ಇದು ಒಳ್ಳೇದು ಅಂತ ಬರೆದು ಕಳಿಸಿದ್ದೂ ನೀವೇ, ಈಗ ಕೆಟ್ಟದ್ದು ಅನ್ನೋರೂ ನೀವೇನಾ?"

"ಹೌದು. ಎರಡೂ ನಾನೇ. ಆವತ್ತು ಅರ್ಧ ಬರೆದೆ."

"ಸೀಜನ್ ಟೈಮ್, ಸಾಬ್. ಒಂದೊಂದಕ್ಕೆ ನಲವತ್ತು ನಿಮಿಷ! ನನಗೆ ನಿಮ್ಮ ಮೇಲೆ ಗುಸ್ಸಾ, ಕೋಪ ಬರ್ತಿದೆ."

"ಬರಲಿ ಉಸ್ತಾದ್. ಅದಕ್ಕೇ ಈ ಸಲ ಸಹಿ ಹಾಕಿದ್ದೀನಿ."

ಉಸ್ತಾದ್ ಗೊಣಗಿದ, ತಲೆ ಕೆರೆದುಕೊಂಡ, ಬಿಸಿಲಲ್ಲಿ ಕಾಯುತ್ತಿದ್ದ ಗಿರಾಕಿಯ ಕಡೆ ನೋಡಿದ. ಆಮೇಲೆ ಯಂತ್ರದ ಮೇಲಿನ ಹಳೆಯ ಸೀರೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡ.

ಹೀಗೆ ಅಂಗಡಿಯಿಂದ ಅಂಗಡಿಗೆ ಹೋದೆವು. ಕೆಲವರು ನಕ್ಕರು, ಒಬ್ಬ ಬೈದ, ಒಬ್ಬ ಚಹಾ ಕೊಡಿಸಿದ. ಮಾವ ಯಾರಿಗೂ ಉಪದೇಶ ಮಾಡಲಿಲ್ಲ. ಗೆರೆ, ಒಂದು ಸಾಲು, ಸಹಿ. ಗಲ್ಲಿಯ ಕೊನೆಯ ಅಂಗಡಿಯಲ್ಲಿ ಕಾಗದವನ್ನು ಬಹಳ ಎತ್ತರಕ್ಕೆ ಅಂಟಿಸಿದ್ದರು. ಮೂರೂವರೆ ಕಾಲಿನ ಸ್ಟೂಲೊಂದು ಸಿಕ್ಕಿತು. ನಾನು ಹತ್ತುತ್ತೇನೆಂದರೆ ಮಾವ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಗೋಡೆಗೆ ಕೈಯಾನಿಸಿ, ತಾವೇ ಹತ್ತಿದರು. ಸ್ಟೂಲು ಓಲಾಡಿತು. ನಾನು ನೆಲದ ಮೇಲೆ ಕೂತು ಎರಡೂ ಕೈಯಿಂದ ಅವರ ಕಾಲುಗಳನ್ನು ತಬ್ಬಿ ಹಿಡಿದೆ. ಎಷ್ಟು ತೆಳ್ಳಗಿದ್ದವು ಆ ಕಾಲುಗಳು!

"ಹಿಡ್ಕೊಂಡಿದ್ದೀಯಾ?" ಮೇಲಿನಿಂದ ಕೇಳಿದರು.

"ಹಿಡ್ಕೊಂಡಿದ್ದೀನಿ ಮಾವ" ಎಂದೆ. "ನೀವು ನಿಧಾನವಾಗಿ ಬರೀರಿ."